ಒಂದೇ ಅಳತೆಯ ಐದು ಗಾಯಗಳು

"ಸಕ್ಕರೆ ಒಂದೇ ಒಂದು ಕಾಳು ಹಾಕಿದ್ರೂ ನನ್ನ ಕೈ ಸೇದಿಹೋಗಲಿ ಕಣಮ್ಮ."

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಪೇದೆಯ ಪಕ್ಕ ಕೂತಿದ್ದ ಭಾವ, ಬೆಳಗಿನಿಂದ ಎಲ್ಲರಿಗೂ ಹೇಳಿದ್ದನ್ನೇ ನಾದಿನಿಗೂ ಹೇಳಿದರು. ಬೇಕರಿಯಿಂದ ಹಾಗೇ ಎಬ್ಬಿಸಿಕೊಂಡು ಬಂದಿದ್ದರಿಂದ ಅವರ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಪೇದೆಯ ಕಪ್ಪು ಬೂಟಿನ ಮೇಲೂ ಒಂದಿಷ್ಟು ಉದುರಿತ್ತು. ಅದನ್ನು ಒರೆಸಿಕೊಡಲು ಭಾವ ಮತ್ತೆ ಮತ್ತೆ ಬಗ್ಗುವುದು, ಪೇದೆ ಮುಜುಗರದಿಂದ ಕಾಲು ಹಿಂದಕ್ಕೆಳೆದುಕೊಳ್ಳುವುದು ನಡೆದೇ ಇತ್ತು.

ಹೆಂಡತಿಗೆ ವಿಷವಿಕ್ಕಿದ ಎಂಬ ಅನುಮಾನದ ಮೇಲೆ ಹಿಡಿದು ತಂದದ್ದು ಈ ಮನುಷ್ಯನನ್ನು.

ತೂಕ ಇಳಿಸುವ ಆಪರೇಷನ್ ಆಗಿ ಮನೆಗೆ ಬಂದಮೇಲೆ ಅಕ್ಕ ಮೂರು ಸಲ ಕುಸಿದು ಬಿದ್ದಿದ್ದಳು. ಮೂರು ಸಲವೂ ಗಂಡ ಕೈಯಾರೆ ಕೊಟ್ಟ ಕೇಕಿನ ತುಂಡು ತಿಂದ ಸ್ವಲ್ಪ ಹೊತ್ತಿಗೆ. ಕೊನೆಯ ಸಲ ತಲೆ ಅಡುಗೆಕಟ್ಟೆಗೆ ಬಡಿದು ಹೊಲಿಗೆ ಬಿದ್ದಿತ್ತು. "ನಮ್ಮ ಆಪರೇಷನ್ನಿನಿಂದ ಹೀಗಾಗುವುದಿಲ್ಲ, ತಿಂದದ್ದೇನು ನೋಡಿ" ಎಂದು ಡಾಕ್ಟರು ಪೊಲೀಸರಿಗೆ ಹೇಳಿದ ಒಂದು ಮಾತು ಸಾಕಾಯಿತು. ಇನ್ಸ್‌ಪೆಕ್ಟರು ಊಟ ಮುಗಿಸಿಕೊಂಡು ಬರುವುದೇ ತಡ, ಭಾವನನ್ನು ಜೀಪು ಹತ್ತಿಸುವುದೊಂದೇ ಬಾಕಿ.

ನಾದಿನಿಯನ್ನು ಬಲ್ಲವರೆಲ್ಲ ಕರೆಯುವುದು ಇಕ್ಕಳ ಎಂದು. ವಿಮೆ ಕಂಪನಿಗಳಿಗೆ ಸುಳ್ಳು ಯಾವುದು ನಿಜ ಯಾವುದು ಎಂದು ಪತ್ತೆಮಾಡಿ ಕೊಡುವುದು ಅವಳ ಹೊಟ್ಟೆಪಾಡು. ಹಿಡಿದದ್ದನ್ನು ಬಿಟ್ಟವಳಲ್ಲ. ಇವತ್ತು ಮಾತ್ರ ಅವಳಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಭಾವನ ಮಾತಿನಲ್ಲಿ ಸುಳ್ಳಿನ ವಾಸನೆಯೇ ಇರಲಿಲ್ಲ.

"ಸಕ್ಕರೆ ಇಲ್ದೆ ಕೇಕು ಸಿಹಿ ಹೇಗಾಯ್ತು ಭಾವ?"

ಭಾವ ಅವಳ ಕಡೆ ಮರುಕದಿಂದ ನೋಡಿದರು. "ಜೇನು."

"ಎಷ್ಟು?"

"ಧಾರಾಳವಾಗಿ. ಅವಳಿಗೆ ಅಲ್ವಾ?"

ಬೇಕರಿಯವರ ಕಣ್ಣಿಗೆ ಸಕ್ಕರೆ ಸರಕು, ಜೇನು ಔಷಧಿ. ಸಕ್ಕರೆ ಬೇಡ ಅಂದದ್ದೇ ತಡ, ಭಾವ ಹೆಂಡತಿಯ ತುಂಡಿಗೆ ಸಕ್ಕರೆಯ ಡಬ್ಬದ ಗಾಳಿಯೂ ತಾಗದಂತೆ ಬೇರೆ ಪಾತ್ರೆ ಇಟ್ಟಿದ್ದರು. ಸಕ್ಕರೆಯಿಲ್ಲದ ಕೇಕು ಒಣಗುತ್ತದಲ್ಲ ಎಂದು ಒಂದಕ್ಕೆರಡು ಜೇನು ಸುರಿದಿದ್ದರು. ಪೊಲೀಸರು ಕೇಳಿದ್ದು ಸಕ್ಕರೆ ಹಾಕಿದೆಯಾ, ವಿಷ ಹಾಕಿದೆಯಾ ಎಂದು. ಎರಡಕ್ಕೂ ಅವರು ಇಲ್ಲ ಅಂದಿದ್ದರು, ಎರಡೂ ನಿಜ. ಕೇಳದ ಪ್ರಶ್ನೆಗೆ ಉತ್ತರ ಕೊಡುವಷ್ಟು ಬುದ್ಧಿ ಬಡವರಿಗೆ ಇರುವುದಿಲ್ಲ ಎಂದಲ್ಲ. ಠಾಣೆಯಲ್ಲಿ ಅಂಥ ಬುದ್ಧಿಗೆ ಬೀಳುವ ಏಟಿನ ಅನುಭವ ಇರುತ್ತದೆ.

ಇಕ್ಕಳಕ್ಕೆ ನಗು ಬಂತು. ಅರ್ಧಕ್ಕೇ ನಿಂತಿತು.

ಒಳಗೆ ಅಕ್ಕ ತಲೆಗೆ ಪಟ್ಟಿ ಕಟ್ಟಿಸಿಕೊಂಡು ದಿಂಬಿಗೆ ಒರಗಿದ್ದಳು. ಅಕ್ಕ ಬಸ್ಸು ಓಡಿಸುವವಳು. ಇಡೀ ಡಿಪೋದಲ್ಲಿ ಅವಳಷ್ಟು ಮೆತ್ತಗೆ ಬ್ರೇಕು ಒತ್ತುವವರು ಇನ್ನೊಬ್ಬರಿರಲಿಲ್ಲ. ಅವಳ ಬಸ್ಸಿನಲ್ಲಿ ನಿಂತ ಮುದುಕಿಯರೂ ಕಂಬ ಹಿಡಿಯುತ್ತಿರಲಿಲ್ಲ ಎಂದು ಮಾತು. ಆಪರೇಷನ್ನಿಗೆ ಒಪ್ಪಿದ್ದು ಚಂದ ಕಾಣಲಿಕ್ಕಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಏಳುವುದು, ಹಗಲು ಸ್ಟಿಯರಿಂಗಿನ ಮೇಲೆ ಕಣ್ಣು ಎಳೆಯುವುದು ಶುರುವಾಗಿತ್ತು. ಬಸ್ಸು ಬಿಡುವುದೋ ತೂಕ ಬಿಡುವುದೋ ಎಂಬ ಪ್ರಶ್ನೆ ಬಂದಾಗ ಅಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ. ಅತ್ತದ್ದು ಭಾವ. ಇವಳನ್ನು ಒಂದಿಷ್ಟು ಕಡಿದು ಬಿಸಾಕ್ತಾರಂತೆ ಎಂದು ಹಿಟ್ಟು ನಾದುತ್ತಾ ಅತ್ತಿದ್ದರು.

"ಅವರಿಗೆ ಊಟ ಆಯ್ತೇನೇ?" ಎಂಬುದು ಅಕ್ಕನ ಮೊದಲ ಪ್ರಶ್ನೆ.

"ನಿನ್ನ ಗಂಡ ಜೈಲಿಗೆ ಹೊರಟಿದ್ದಾರೆ, ನಿನಗೆ ಅವರ ಊಟದ ಚಿಂತೆ."

"ಹಸಿದ್ರೆ ಅವರ ಕೈ ನಡುಗುತ್ತೆ ಕಣೇ. ನೋಡಿದವರು ತಪ್ಪು ಮಾಡಿದಾನೆ, ಅದಕ್ಕೇ ನಡುಗ್ತಾನೆ ಅಂದ್ಕೋತಾರೆ."

ಅಕ್ಕನ ಬಟ್ಟೆ ಬದಲಿಸುತ್ತಾ ಇಕ್ಕಳ ಒಂದೊಂದಾಗಿ ಕೇಳಿಕೊಂಡಳು. ತುಂಡು ತಿಂದಮೇಲೆ ಮೊದಲು ಹೊಟ್ಟೆ ತಿರುಚಿದಂತಾಗುವುದಂತೆ, ಆಮೇಲೆ ಹಣೆಯಿಂದ ಬೆವರು ಹರಿದು ಎದೆ ಎಂಜಿನ್ನಿನ ಹಾಗೆ ಹೊಡೆದುಕೊಳ್ಳುವುದು, ಆಮೇಲೆ ಕಣ್ಣಿಗೆ ಕತ್ತಲೆ. ಅರ್ಧ ಗಂಟೆ ಮಲಗಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರಬಹುದಂತೆ. ಹಾಗಿದ್ದೂ ಯಾಕೆ ಮತ್ತೆ ಮತ್ತೆ ತಿಂದೆ ಎಂದು ಗದರಿದರೆ, ಅಷ್ಟು ಪ್ರೀತಿಯಿಂದ ಹಿಡಿದುಕೊಂಡು ನಿಂತಿರುತ್ತಾರೆ, ಬೇಡ ಅನ್ನಲು ಬಾಯಿ ಬರಬೇಕಲ್ಲ ಎಂದಳು.

ಹೊಟ್ಟೆಯ ಮೇಲೆ ಆಪರೇಷನ್ನಿನ ಗುರುತುಗಳಿದ್ದವು. ಐದು. ಐದೂ ಬೆರಳಿನ ಉಗುರಿನಷ್ಟು ಚಿಕ್ಕವು, ಒಂದೇ ಅಳತೆಯವು. ಇಕ್ಕಳ ಅವನ್ನು ನೋಡಿದಳು, ಸೆರಗು ಹೊದಿಸಿದಳು, ಡಾಕ್ಟರ ಕೋಣೆಗೆ ನಡೆದಳು.

ಡಾಕ್ಟರು ನಡುವಯಸ್ಸಿನವರು, ಸಭ್ಯರು, ಸುಸ್ತಾದವರು. ಆಸ್ಪತ್ರೆಯ ಮುಂದಿನ ಹಲಗೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅವರ ಹೆಸರು. ಕೋಣೆಯ ಮೇಜಿನ ಮೇಲೆ ರಬ್ಬರಿನ ನಾಲ್ಕು ಜಠರ. ಗಂಡನ ಪರ ವಾದಿಸಲು ಬಂದವಳೆಂದುಕೊಂಡು ಅವರು ಗಡಿಯಾರ ನೋಡಿದರು.

"ನಾನು ಜಗಳಕ್ಕೆ ಬಂದಿಲ್ಲ ಡಾಕ್ಟರೇ. ನಮ್ಮಕ್ಕನ ಹೊಟ್ಟೆಯೊಳಗೆ ಏನಾಗಿದೆ ಅಂತ ಮಗುವಿಗೆ ಹೇಳೋ ಹಾಗೆ ಹೇಳಿ."

ಕಲಿಸುವ ಚಪಲ ಇದ್ದ ಮನುಷ್ಯ. ಮುಖ ಅರಳಿತು. ಮೊದಲ ಜಠರ ಕೈಗೆತ್ತಿಕೊಂಡರು. ಅದರ ಕತ್ತಿಗೆ ಮೆತ್ತನೆಯ ಪಟ್ಟಿ ಕಟ್ಟಿತ್ತು. ಚರ್ಮದ ಕೆಳಗೆ ಒಂದು ಗುಂಡಿ ಕೂರಿಸಿರುತ್ತಾರಂತೆ. ಸೂಜಿಯಿಂದ ಉಪ್ಪುನೀರು ತುಂಬಿದರೆ ಪಟ್ಟಿ ಬಿಗಿ, ತೆಗೆದರೆ ಸಡಿಲ. ಸ್ವಲ್ಪ ತಿಂದರೂ ಮೇಲೆಯೇ ತುಂಬಿದಂತಾಗುತ್ತದೆ. ಏನನ್ನೂ ಕತ್ತರಿಸುವುದಿಲ್ಲ, ಬೇಡವಾದರೆ ಬಿಚ್ಚಬಹುದು. ಈಗೀಗ ಕೇಳುವವರು ಕಡಿಮೆ.

ಎರಡನೆಯದು ಅಕ್ಕನಿಗೆ ಮಾಡಿದ್ದಂತೆ. ಅಂಗಿಯ ತೋಳಿನ ಹಾಗೆ ಉದ್ದಕ್ಕೆ ಕತ್ತರಿಸಿ, ಮುಕ್ಕಾಲು ಪಾಲು ಜಠರವನ್ನು ಹೊರಗೆ ತೆಗೆದುಬಿಡುವುದು. ಚೀಲ ಹೋಗಿ ಕೊಳವೆ ಉಳಿಯುತ್ತದೆ, ಅದಕ್ಕೇ ಈ ಆಪರೇಷನ್ನಿಗೆ ತೋಳು ಎಂದು ಹೆಸರು. ಜಾಗ ಕಡಿಮೆಯಾಗುವುದು ಒಂದು; ಹಸಿವಿನ ಗಂಟೆ ಬಾರಿಸುವ ರಸ ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲಿ, ಹಾಗಾಗಿ ಹಸಿವೂ ತಗ್ಗುತ್ತದೆ.

ಮೂರನೆಯದು ಬೈಪಾಸ್. ಪೇಟೆಯೊಳಗೆ ಹೋಗದೆ ಹೊರಗಿನಿಂದ ಹೋಗುವ ರಸ್ತೆ ಇದ್ದ ಹಾಗೆ. ಜಠರದ ಮೇಲಿನ ತುದಿಯಲ್ಲಿ ಮೊಟ್ಟೆಯಷ್ಟು ಚಿಕ್ಕ ಚೀಲ ಮಾಡಿ, ಸಣ್ಣ ಕರುಳನ್ನು ಎತ್ತಿತಂದು ಅದಕ್ಕೇ ಜೋಡಿಸುವುದು. ಉಳಿದ ಜಠರ ಒಳಗೇ ಇರುತ್ತದೆ, ರಸ ಮಾಡಿ ಕೆಳಗೆ ಕಳಿಸುತ್ತಿರುತ್ತದೆ, ಆದರೆ ಊಟದ ಮುಖ ನೋಡುವುದಿಲ್ಲ. ಮಧುಮೇಹದವರಿಗೆ ಹೆಚ್ಚಾಗಿ ಇದನ್ನು ಹೇಳುತ್ತಾರೆ. ನಾಲ್ಕನೆಯದರಲ್ಲಿ ತೋಳೂ ಮಾಡಿ, ಕರುಳಿನ ಬಹುಪಾಲು ದಾರಿಯನ್ನೂ ತಪ್ಪಿಸುವುದು. ತೂಕ ಹೆಚ್ಚು ಇಳಿಯುತ್ತದೆ, ಆದರೆ ತಿಂದದ್ದರ ಸತ್ವವೂ ಮೈಗೆ ಹತ್ತದೆ ಹೋಗುತ್ತದೆ. ಎಲ್ಲದರಲ್ಲೂ ಜೀವಸತ್ವದ ಮಾತ್ರೆ ಕೊನೆತನಕ ತಪ್ಪದು, ಈ ಕೊನೆಯದರಲ್ಲಂತೂ ಒಂದು ದಿನವೂ ಮರೆಯುವಂತಿಲ್ಲ.

"ಬೈಪಾಸ್ ಆದವರು ಬೇಕಾದಷ್ಟು ಜೇನು ತಿಂದ್ರೆ?"

"ಸಿಹಿ ನೇರ ಕರುಳಿಗೆ ಬೀಳುತ್ತೆ. ಕರುಳು ಗಾಬರಿಯಾಗಿ ರಕ್ತದಿಂದ ನೀರು ಎಳ್ಕೊಳ್ಳುತ್ತೆ. ಬೆವರು, ಎದೆಬಡಿತ, ತಲೆಸುತ್ತು. ಮಲಗಿಸಿದ್ರೆ ಸರಿಹೋಗ್ತಾರೆ."

"ತೋಳು ಮಾಡಿಸಿಕೊಂಡವರಿಗೆ?"

"ಕೆಲವರಿಗೆ ಸ್ವಲ್ಪ ಆಗುತ್ತೆ. ಇಷ್ಟು ಜೋರಾಗಿ, ಪ್ರತಿ ಸಲ, ನಾನು ನೋಡಿಲ್ಲ. ಅದಕ್ಕೇ ನಿಮ್ಮ ಭಾವನ ವಿಷಯ ಹೇಳಬೇಕಾಯ್ತು." ಈ ಮಾತನ್ನು ಅವರು ಸಂಕಟದಿಂದಲೇ ಹೇಳಿದರು.

ಇಕ್ಕಳ ರಬ್ಬರಿನ ತೋಳನ್ನು ತಿರುಗಿಸಿ ನೋಡಿದಳು. "ಮುಕ್ಕಾಲು ಜಠರ ತೆಗೀತೀವಿ ಅಂದ್ರಿ. ಎಲ್ಲಿಂದ ತೆಗೀತೀರಿ?"

"ಹೊಟ್ಟೆ ಮೇಲೆ ಸಣ್ಣ ತೂತುಗಳಿರುತ್ತವಲ್ಲ, ಅದರಲ್ಲಿ ಒಂದನ್ನು ದೊಡ್ಡದು ಮಾಡಿ..."

ಡಾಕ್ಟರು ಕುರ್ಚಿಯಿಂದ ಎದ್ದರು. ಅವಳ ಮುಖದಲ್ಲಿ ಏನು ಕಂಡರೋ.

"ಬನ್ನಿ," ಅಂದಳು ಇಕ್ಕಳ. "ಒಂದು ಸಲ ನೀವೇ ನೋಡಿ."

ಅಕ್ಕನ ಹೊಟ್ಟೆಯ ಮೇಲಿನ ಐದೂ ಗುರುತುಗಳನ್ನು ಡಾಕ್ಟರು ಬೆರಳಿಟ್ಟು ಅಳೆದರು; ಒಂದೂ ದೊಡ್ಡದಿರಲಿಲ್ಲ. ಗಾಯದ ಗುರುತು ಸಾಕ್ಷಿಯಾಗುವುದಿಲ್ಲ, ಮೈ ಮಾಯುವ ರೀತಿ ಒಬ್ಬೊಬ್ಬರದು ಒಂದೊಂದು ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅಕ್ಕನಿಗೆ ಬಿಳಿಯ ದ್ರವ ಕುಡಿಸಿ, ಎಕ್ಸ್‌ರೇ ಪರದೆಯ ಮುಂದೆ ನಿಲ್ಲಿಸಿದರು.

ದ್ರವ ತೋಳಿನ ಆಕಾರದಲ್ಲಿ ಇಳಿಯಬೇಕಿತ್ತು. ಇಳಿಯಲಿಲ್ಲ. ಮೇಲೆ ಮೊಟ್ಟೆಯಷ್ಟು ಜಾಗದಲ್ಲಿ ಒಂದು ಕ್ಷಣ ತಂಗಿ, ನೇರ ಕರುಳಿಗೆ ಜಾರಿತು.

ಮೂರನೆಯ ಜಠರ.

ಅಕ್ಕ ಪರದೆಯನ್ನೂ ಡಾಕ್ಟರನ್ನೂ ನೋಡಿ, ತಾನೇನಾದರೂ ಸರಿಯಾಗಿ ಕುಡಿಯಲಿಲ್ಲವೇ ಎಂದು ಕೇಳಿದಳು. ಇಕ್ಕಳ ಅವಳ ಕೈ ಹಿಡಿದುಕೊಂಡು, ಆಪರೇಷನ್ ದಿನ ಬೆಳಿಗ್ಗೆ ಏನೇನಾಯಿತು ಎಲ್ಲ ಹೇಳು ಅಂದಳು.

ಆ ಬೆಳಿಗ್ಗೆ ಇದ್ದವರು ಇಬ್ಬರು: ಅಕ್ಕ, ಮತ್ತು ಮಧುಮೇಹದಿಂದ ಬಳಲುತ್ತಿದ್ದ ಒಬ್ಬ ಟೀಚರ್. ಆಪರೇಷನ್ ಕೋಣೆಗೆ ಮಲಗಿಸಿ ತಳ್ಳಿಕೊಂಡು ಹೋಗುವ ಅಗಲದ ಗಾಡಿ ಆಸ್ಪತ್ರೆಯಲ್ಲಿದ್ದದ್ದು ಒಂದೇ. ಅದರ ಮೇಲೆ ಮೊದಲು ಟೀಚರ್ ಹೋಗಬೇಕಿತ್ತು. ಗಾಡಿ ಬಂದು ನಿಂತಾಗ ಆಕೆ ಮಂಚದ ಕಂಬಿ ಹಿಡಿದುಕೊಂಡು ಗಡಗಡ ನಡುಗಿದರು, ಅಕ್ಕನಿಗೆ ನೋಡಲಾಗಲಿಲ್ಲ.

"ಟೀಚರೇ, ನಾನು ಬಸ್ಸಿನವಳು, ಯಾವ ಗಾಡಿಯಾದ್ರೂ ಮೊದಲು ಹತ್ತೋದು ಡ್ರೈವರೇ ಅಂದೆ. ಹತ್ತಿ ಮಲಗಿದೆ. ತಳ್ಳೋರೂ ನಕ್ಕರು. ಅದರಲ್ಲೇನು ತಪ್ಪು?"

ತಪ್ಪು ಅವಳದಲ್ಲ. ಈ ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಹಿಡಿಯುವ ಬೈಪಾಸ್ ಯಾವಾಗಲೂ ಮೊದಲು, ತೋಳು ಆಮೇಲೆ. ಅಗಲದ ಗಾಡಿ ಮೊದಲ ಸಲ ತಂದವರು ಬೈಪಾಸ್, ಎರಡನೆಯ ಸಲ ತಂದವರು ತೋಳು; ಎಲ್ಲರ ತಲೆಯಲ್ಲೂ ಇದ್ದ ಲೆಕ್ಕ ಇಷ್ಟೇ. ಗಾಡಿಯ ಮೇಲಿದ್ದವಳ ಮುಖ ನೋಡಿ, ಅಮ್ಮಾ ನೀವು ಯಾರು, ನಿಮಗೇನು ಮಾಡಬೇಕು ಎಂದು ಕೇಳುವ ಒಂದು ಬಾಯಿ ಆ ದಾರಿಯುದ್ದಕ್ಕೂ ಇರಲಿಲ್ಲ. ದಪ್ಪಗಿರುವ ಹೆಂಗಸರನ್ನು ಬೀದಿಯಲ್ಲಿ ಎಲ್ಲರೂ ನೋಡುತ್ತಾರೆ, ಹಿಂತಿರುಗಿ ಹಿಂತಿರುಗಿ ನೋಡುತ್ತಾರೆ. ಇಬ್ಬರಿಗೂ ಬೇರೆ ಬೇರೆ ಮುಖವಿದೆ ಎಂಬುದೊಂದನ್ನು ಮಾತ್ರ ನೋಡುವುದಿಲ್ಲ. ಒಬ್ಬಳ ಹೆದರಿಕೆಗೆ ಇನ್ನೊಬ್ಬಳು ಹೆಗಲು ಕೊಟ್ಟಳು. ಅಂಥದೊಂದು ಒಳ್ಳೆಯತನ ನಡೆಯಬಹುದು ಎಂಬ ಸಾಧ್ಯತೆಯನ್ನೇ ಈ ಕಟ್ಟಡ ಕಟ್ಟಿದವರು ಊಹಿಸಿರಲಿಲ್ಲ.

ಅಕ್ಕ ತನಗಾದದ್ದನ್ನು ಆಮೇಲೆ ಅರ್ಥ ಮಾಡಿಕೊಂಡಳು. ಮೊದಲು ಕೇಳಿದ್ದು ಟೀಚರ್ ಹೇಗಿದ್ದಾರೆ ಎಂದು. ಅಲ್ಲೇ ಫೋನು ಮಾಡಿಸಿದಳು. ಟೀಚರ್ ಮನೆಯಲ್ಲೇ ಇದ್ದರು. ತೂಕ ಇಳಿದರೂ ಸಕ್ಕರೆ ಕಾಯಿಲೆ ಯಾಕೆ ಡಾಕ್ಟರು ಹೇಳಿದಷ್ಟು ಇಳಿಯಲಿಲ್ಲ ಎಂದು ಯೋಚನೆಯಲ್ಲಿದ್ದರಂತೆ. ನಾಳೆಯೇ ಬರಬೇಕೆಂದು ಡಾಕ್ಟರು ಹೇಳಿ ಫೋನು ಇಟ್ಟಾಗ ಅವರ ಕಿವಿ ಕೆಂಪಾಗಿತ್ತು.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಭಾವನನ್ನು ಕರೆದುಕೊಂಡು ಒಳಗೆ ಬಂದರು. ಹೊರಡೋಣವೇ ಎಂಬಂತೆ ಡಾಕ್ಟರ ಕಡೆ ಹುಬ್ಬೆತ್ತಿದರು.

ಡಾಕ್ಟರು ಪರದೆಯ ಮುಂದೆ ನಿಂತಿದ್ದರು. ಈಗ ಬಾಯಿ ಬಿಟ್ಟರೆ ಹಲಗೆಯ ಮೇಲಿನ ಆಳೆತ್ತರದ ಹೆಸರು ಉರುಳುತ್ತದೆ. ಬಿಡದಿದ್ದರೆ ಎದುರಿಗಿರುವ, ಹಿಟ್ಟು ಮೆತ್ತಿದ ಎರಡು ಕೈಗೆ ಬೇಡಿ ಬೀಳುತ್ತದೆ. ಇಕ್ಕಳ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಕೆಲವರನ್ನು ಒತ್ತಬಾರದು, ಅವರೇ ಮಾಗಲಿ ಎಂದು ಬಿಡಬೇಕು.

"ನಾನು ಹೇಳಿದ್ದು ತಪ್ಪು," ಅಂದರು ಡಾಕ್ಟರು. "ಇವರು ಯಾವ ವಿಷವನ್ನೂ ಹಾಕಿಲ್ಲ. ಜೇನು ಹಾಕಿದ್ದಾರೆ. ಇವರ ಹೆಂಡತಿಗೆ ಆಗಿರೋದು ನಾವು ಹೇಳಿದ ಆಪರೇಷನ್ ಅಲ್ಲ, ಬೈಪಾಸ್. ಅದನ್ನು ಬರೆದುಕೊಡ್ತೀನಿ."

ಸಿಹಿ ಕರುಳಿಗೆ ಬೀಳುವ ಕಥೆಯನ್ನು ಅವರು ಇನ್ಸ್‌ಪೆಕ್ಟರಿಗೆ ಮತ್ತೊಮ್ಮೆ ವಿವರಿಸಿದರು. ಪೇದೆ ಭಾವನ ತೋಳು ಬಿಟ್ಟ. ಭಾವನಿಗೆ ತಾನು ಪಾರಾದದ್ದು ಇನ್ನೂ ತಲೆಗೆ ಹೋಗಿರಲಿಲ್ಲ, ಬೇರೊಂದು ಹೋಗಿತ್ತು.

"ಅಂದ್ರೆ ಇವಳ ಜಠರ ಕಡಿದು ಬಿಸಾಕಿಲ್ವಾ ಡಾಕ್ಟರೇ? ಪೂರ್ತಿ ಒಳಗೇ ಇದೆಯಾ?"

"ಇದೆ. ಎರಡು ಭಾಗವಾಗಿ."

"ಇದ್ರೆ ಸಾಕು," ಅಂದ ಭಾವ, ಹೆಂಡತಿಯ ಹಣೆಯ ಪಟ್ಟಿಯ ಮೇಲೆ ಕೈಯಿಟ್ಟು ಅದಕ್ಕೂ ಹಿಟ್ಟು ಮೆತ್ತಿದರು. ಅಕ್ಕ, ಎಲ್ಲರೆದುರು ಇದೇನು ಎಂದು ಗೊಣಗಿದಳೇ ಹೊರತು ಕೈ ಸರಿಸಲಿಲ್ಲ.

ಇನ್ಸ್‌ಪೆಕ್ಟರು ದಡ್ಡರಾಗಿರಲಿಲ್ಲ. "ಹಾಗಾದ್ರೆ ತಪ್ಪು ಆಪರೇಷನ್ ಮಾಡಿದ್ದು ನೀವು ಅಂತಾಯ್ತು."

ಡಾಕ್ಟರು ಉತ್ತರ ಕೊಡುವ ಬದಲು ಪರದೆಯ ಮೇಲೆ ಬೆರಳಿಟ್ಟರು. ಚೀಲ ಮತ್ತು ಕರುಳು ಕೂಡುವ ಜಾಗ. ತಾನು ಬೈಪಾಸ್ ಮಾಡಿದರೆ ಅಲ್ಲಿ ಯಂತ್ರದಿಂದ ದುಂಡಗೆ ಪಿನ್ನು ಹೊಡೆಯುತ್ತೇನೆ, ಅವು ಚಿತ್ರದಲ್ಲಿ ಮಣಿಸರದ ಹಾಗೆ ಕಾಣುತ್ತವೆ. ಆ ಯಂತ್ರ ಒಳಗೆ ಹೋಗಲು ಹೊಟ್ಟೆಯ ಒಂದು ತೂತು ದೊಡ್ಡದಾಗಿರಲೇಬೇಕು ಎಂದರು. ಇಲ್ಲಿ ಪಿನ್ನಿನ ಸರವೂ ಇಲ್ಲ, ದೊಡ್ಡ ತೂತೂ ಇಲ್ಲ. ಯಾರೋ ದಾರದಿಂದ, ಕೈಯಿಂದಲೇ, ಬಹಳ ಚೊಕ್ಕವಾಗಿ ಹೊಲಿದಿದ್ದಾರೆ.

"ಕಾಗದದ ಮೇಲೆ ನಿಮ್ಮ ಸಹಿ ಇದೆ," ಅಂದಳು ಇಕ್ಕಳ.

"ಸಹಿ ನನ್ನದು. ಕೈ ನನ್ನದಲ್ಲ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ತಗ್ಗಿದ ದನಿಯಲ್ಲಿ ಹೇಳಿದರು. ಹೆಸರು ನೋಡಿ ಬರುವವರು ಜಾಸ್ತಿ, ಕೈ ಇರುವುದು ಎರಡೇ. ಕೆಲವು ದಿನ ಆಸ್ಪತ್ರೆಯ ಮಾಲೀಕರು ಹೊರಗಿನಿಂದ ಬೇರೆ ಸರ್ಜನ್ ಕರೆಸುತ್ತಾರೆ. ಬಂದವರು ಯಾರು ಎಂದು ಇವರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಮರುದಿನ ಇವರ ಸಹಿ ಬೀಳುತ್ತದೆ. ಅಕ್ಕನ ಆಪರೇಷನ್ನಿನ ದಿನ ಇವರು ಈ ಕಟ್ಟಡದೊಳಗೇ ಇರಲಿಲ್ಲ.

ಇಕ್ಕಳದ ಮೈ ಉರಿಯಿತು. ಮಂಪರು ಬರುವ ಮುಂಚೆ ತನ್ನ ಅಕ್ಕ ನಂಬಿ ಕಣ್ಣು ಮುಚ್ಚಿದ್ದು ಒಂದು ಹೆಸರನ್ನು. ಹೊಟ್ಟೆಯೊಳಗೆ ಇಳಿದದ್ದು ಹೆಸರೇ ಇಲ್ಲದ ಕೈ.

"ಆ ಕೈಯನ್ನ ಪತ್ತೆ ಮಾಡೋದು ಹೇಗೆ?" ಎಂದು ಇನ್ಸ್‌ಪೆಕ್ಟರು ಗಲ್ಲ ಕೆರೆದುಕೊಂಡರು.

ಭಾವ ಅಷ್ಟು ಹೊತ್ತೂ ಏನನ್ನೋ ನೆನಪಿಸಿಕೊಳ್ಳುತ್ತಿದ್ದವರು, ನಡುವೆ ಬಾಯಿ ಹಾಕಿದರು. "ಡಾಕ್ಟರೇ, ಈಗ ಹೇಳಿದ್ರಲ್ಲ, ಸಿಹಿ ನೇರ ಕರುಳಿಗೆ ಬೀಳುತ್ತೆ ಅಂತ. ಅವರೂ ಹಾಗೇ ಅಂದಿದ್ರು."

"ಯಾರು ಭಾವ?"

"ಅಂಗಡಿಗೆ ಬರ್ತಾರಲ್ಲ, ಆ ಮೇಡಂ. ಸಣ್ಣ ಬನ್ನು ಒಂದು ತಗೋತಾರೆ, ಇವಳು ಹೇಗಿದಾಳೆ ಅಂತ ತಪ್ಪದೆ ಕೇಳ್ತಾರೆ. ಸಕ್ಕರೆ ಬೇಡ, ನೇರ ಕರುಳಿಗೆ ಬೀಳುತ್ತೆ, ಬೆವರು ಬಂದ್ರೆ ಮಲಗಿಸಿ ಅಂತ ಅವರೇ ಹೇಳಿಕೊಟ್ಟಿದ್ದು. ತುಂಬಾ ಒಳ್ಳೆಯವರು."

ಇಕ್ಕಳ ಡಾಕ್ಟರ ಮುಖ ನೋಡಿದಳು. ಡಾಕ್ಟರು ಅವಳ ಮುಖ ನೋಡಿದರು. ಆಸ್ಪತ್ರೆಯ ಎಲ್ಲ ಕಾಗದದಲ್ಲೂ ಅಕ್ಕನಿಗೆ ಆದದ್ದು ತೋಳು. ಬೈಪಾಸ್ ಆಗಿದೆ ಎಂಬುದು ಈ ಮಧ್ಯಾಹ್ನದವರೆಗೆ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲು ಸಾಧ್ಯ: ಅದನ್ನು ಹೊಲಿದವರಿಗೆ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಅಂದರು ಇನ್ಸ್‌ಪೆಕ್ಟರು.

"ಯಾರೂ ಕೇಳಲಿಲ್ಲ ಸಾರ್."

"ಮತ್ತೆ ಯಾವಾಗ ಬರ್ತಾರೆ ಆಕೆ?" ಅಂದಳು ಇಕ್ಕಳ.

"ಇವತ್ತು ಬೆಳಿಗ್ಗೆ ಬಂದಿದ್ರಲ್ಲ, ಪೊಲೀಸರು ಬರೋ ಸ್ವಲ್ಪ ಮುಂಚೆ. ಇವಳಿಗೆ ಹೀಗೀಗಾಯ್ತು ಅಂದೆ, ಪಾಪ, ಅಲ್ಲೇ ಕೂತ್ಬಿಟ್ರು." ಭಾವ ನಾದಿನಿಯನ್ನು ಹೆಮ್ಮೆಯಿಂದ ನೋಡಿದರು. "ಹೆದರಬೇಡಿ ಮೇಡಂ, ನಮ್ಮ ನಾದಿನಿ ಪತ್ತೇದಾರಿ, ಇವತ್ತು ಆಸ್ಪತ್ರೆಗೆ ಹೋಗಿ ಯಾರು ಏನು ಮಾಡಿದ್ರು ಅಂತ ಬುಡಸಮೇತ ಕೀಳ್ತಾಳೆ ಅಂತ ನಾನೇ ಸಮಾಧಾನ ಮಾಡಿ ಕಳಿಸಿದೆ."